ಎಡಗಣ್ಣಿನ ಅಮಾಸೆ

ಹನಿ ಹಾಕುವುದು ನನ್ನ ಕೆಲಸ.
ಪರೇಲಿನ ದೊಡ್ಡಾಸ್ಪತ್ರೆ, ಕಣ್ಣಿನ ಓಪಿಡಿ,
ಬಾಗಿಲ ಬಲಕ್ಕೆ ಉಕ್ಕಿನ ಸ್ಟೂಲು, ಹತ್ತೊಂಬತ್ತು ವರ್ಷ.
ಮೇಲೆ ನೋಡಿ ಅಂತೀನಿ ಮರಾಠಿಯಲ್ಲಿ, ಹಿಂದಿಯಲ್ಲಿ,
ಇಂಡಿ ಕಡೆಯವರು ಸಿಕ್ಕರೆ ನಮ್ಮ ಮಾತಲ್ಲಿ.
ಕೆಳರೆಪ್ಪೆ ಜಗ್ಗಿ ಒಂದು ಹನಿ.
ಆಮೇಲೆ ಬೆಂಚು. ಒಂದು ತಾಸು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯೋದು ಅಂತಾರಲ್ಲ,
ಆ ಮಾತಿಗೆ ಮುನಿಸಿಪಾಲಿಟಿಯವರು
ಬೆಂಚು ಹಾಕಿಸಿದ್ದಾರೆ.

ಪಾಪೆ ಅನ್ನುತ್ತೇವೆ ನಾವು,
ಒಳಗೊಂದು ಕೂಸು ಕೂತಿದೆ ಅನ್ನೋ ಹಾಗೆ.
ಬಿಸಿಲಿಗೆ ಮುದುಡುತ್ತದೆ,
ಕತ್ತಲಾದರೆ ಕೈಕಾಲು ಚಾಚುತ್ತದೆ.
ನನ್ನ ಹನಿಗೆ ಸಿಕ್ಕ ಕೂಸು
ಮುದುಡುವುದನ್ನು ಮರೆಯುತ್ತದೆ, ಅಷ್ಟೆ.

ಶಿವರಾತ್ರಿಯ ಬೆಳಗು, ಇನ್ನೂ ಎಂಟಾಗಿಲ್ಲ,
ಸ್ಟ್ರೆಚರು ಬಂತು.
ಹೌಸಾಬಾಯಿ ಧುಮಾಳ, ದಾದರಿನ ಹೂಮಾರ್ಕೆಟ್ಟು,
ವಯಸ್ಸು? ಐವತ್ತೋ ಅರವತ್ತೋ, ನೀವೇ ಬರಕೊಳ್ಳಿ.
ಬಲಪಾಪೆ ಮೆಣಸಿನಕಾಳಿನಷ್ಟು.
ಎಡಗಣ್ಣು ಪೂರಾ ಕರಿ,
ಕಂದು ಅನ್ನೋದು ಬಳೆಯ ಅಂಚಿನಷ್ಟು ಉಳಿದಿತ್ತು.
ಟಾರ್ಚು ಬಿಟ್ಟರೂ ಅಲುಗಲಿಲ್ಲ.

ಹುಡುಗ ಡಾಕ್ಟರು ನರೋನ್ಹಾನ ತುಟಿ ಒಣಗಿತು.
ಒಂದೇ ಪಾಪೆ ಹೀಗೆ ಬಾಯಿ ಬಿಟ್ಟರೆ
ತಲೆಯೊಳಗೆ ನಾಳ ಉಬ್ಬಿರಬಹುದು,
ಉಬ್ಬಿದ್ದು ಒಡೆಯಬಹುದು.
ಸ್ಕ್ಯಾನು, ಸಹಿ, ಮಗನ ನಂಬರು.
ಮಗ ಭಾಯಂದರ್ ಲೋಕಲಿನ ಬಾಗಿಲಲ್ಲಿ
ನೇತಾಡುತ್ತಲೇ ಅತ್ತನಂತೆ.
ಅವಳದು ಒಂದೇ ಚಿಂತೆ:
ಬುಟ್ಟಿ ಸೇತುವೆ ಕೆಳಗೆ ಉಳಿದಿದೆ,
ಇವತ್ತು ಹೋಗದಿದ್ದರೆ ನಾಳೆ
ಯಾರಿಗೆ ಬೇಕು ಆ ಕಾಯಿ?

ಯಾವ ಕಾಯಿ?
ಕೇಳಿದ್ದು ನಾನು. ಕೇಳುವುದು ನನ್ನ ಕೆಲಸವಲ್ಲ.
ಕೈ ಚಾಚಿದಳು. ಉಗುರ ಸಂದಿಯಲ್ಲಿ ಹಸಿರು ಅಂಟು,
ಬೆರಳ ತುದಿಗೆಲ್ಲ ಮುಳ್ಳಿನ ಗೀರು.
ಧೋತ್ರಾ, ಅಂದಳು. ಶಂಕರನ ಕಾಯಿ.
ರಾತ್ರಿ ಎರಡರಿಂದ ಕೂತು ಇನ್ನೂರು ಬಿಡಿಸಿದೆ,
ಚೆಂಡುಹೂವಿನ ಧೂಳು ಬಿತ್ತು, ಕಣ್ಣು ಉಜ್ಜಿದೆ.

ನಮ್ಮೂರ ತಿಪ್ಪೆಯ ಪಕ್ಕ ತಾನಾಗಿ ಏಳುತ್ತಿತ್ತು,
ಮದ್ದುಗುಣಿಕೆ.
ಬಿಳಿ ಹೂ ಕಿತ್ತು ಕಹಳೆಯಂತೆ ಊದಿದ್ದಕ್ಕೆ
ಅವ್ವ ಬಾಯಿ ತೊಳೆಸಿ
ಆಮೇಲೆ ಬೆನ್ನಿಗೆ ಬಿಟ್ಟಿದ್ದಳು.
ಮದ್ದು! ಎಂಥ ಮಾತು ಮಾಡಿಟ್ಟರೋ ಹಿರಿಯರು.
ಶೀಶೆಯಲ್ಲಿದ್ದರೆ ಗುಣ, ತುಪಾಕಿಯಲ್ಲಿದ್ದರೆ ಹೆಣ,
ಅನ್ನದಲ್ಲಿ ಕಲಸಿದ್ದರೆ
ಸವತಿಯ ಹೆಸರು ಹಿಡಿದು ಊರೆಲ್ಲ ಗುಸುಗುಸು.
ನನ್ನ ಕಪಾಟಿನಲ್ಲಿ, ಚಾಳೀಸು ಬರುವ ಮಕ್ಕಳಿಗೆಂದು ಇಟ್ಟ
ಅಟ್ರೋಪಿನ್ ಮುಲಾಮೂ ಅದೇ ಬಳಗ,
ಮೇಲೆ ಚೀಟಿ, ಕೆಳಗೆ ತಾರೀಕು.

ಹೇಳಿದೆ. ನರೋನ್ಹಾ ನಂಬಲೂ ಇಲ್ಲ, ಬಿಡಲೂ ಇಲ್ಲ.
ಪಿಲೋಕಾರ್ಪಿನ್ ತರಿಸಿದ.
ಅದೂ ಎಲೆಯ ರಸವೇ, ಸಮುದ್ರದಾಚೆಯ ಗಿಡ,
ಪಾಪೆಯನ್ನು ಹಿಂಡಿ ಚಿಕ್ಕದು ಮಾಡುವಂಥದ್ದು.
ನರ ಕೆಟ್ಟಿದ್ದರೆ ಇದಕ್ಕೆ ಬಗ್ಗುತ್ತದೆ,
ಗಿಡ ಹೊಕ್ಕಿದ್ದರೆ ಜಪ್ಪಯ್ಯ ಅನ್ನೋದಿಲ್ಲ.
ಎರಡೂ ಕಣ್ಣಿಗೆ ನಾನೇ ಹಾಕಿದೆ.

ಗೋಡೆಯ ಗಡಿಯಾರ ಹತ್ತು ನಿಮಿಷ ಹಿಂದಿತ್ತು,
ಯಾವಾಗಲೂ ಹಾಗೇ.
ಇಷ್ಟು ವರ್ಷದಲ್ಲಿ
ಔಷಧ ಸೋಲಲಿ ಎಂದು ಬೇಡಿಕೊಂಡದ್ದು
ಅದೊಂದೇ ಸಲ.

ಬಲಗಣ್ಣು ಸಾಸಿವೆಯಾಯಿತು.
ಎಡಗಣ್ಣು ಅಮಾಸೆಯಾಗಿಯೇ ಉಳಿಯಿತು.
ನರೋನ್ಹಾ ಗೋಡೆಗೊರಗಿದ,
ನಗಬೇಕೋ ಬೈಯಬೇಕೋ ತಿಳಿಯದೆ
ಸ್ಕ್ಯಾನಿನ ಚೀಟಿಯಿಂದಲೇ ಗಾಳಿ ಹಾಕಿಕೊಂಡ.
ಇರಲಿ, ಸ್ಕ್ಯಾನೂ ಆಗಲಿ, ಅಂದ. ಆಯಿತು. ತಲೆ ಶುದ್ಧ.

ನಾಲ್ಕು ದಿನ, ಹೆಚ್ಚೆಂದರೆ ವಾರ, ಅಂದೆ.
ಹೌಸಾಬಾಯಿ ಬಲಗಣ್ಣು ಮುಚ್ಚಿಕೊಂಡು
ಎಡದಲ್ಲಿ ವಾರ್ಡೆಲ್ಲ ನೋಡಿದಳು,
ಟ್ಯೂಬುಲೈಟು, ಕಿಟಕಿ, ನನ್ನ ಬಿಳಿ ಅಂಗಿ.
ಎಲ್ಲದಕ್ಕೂ ಬೆಂಕಿ ಹತ್ತಿದ ಹಾಗಿದೆಯಪ್ಪ, ಅಂದಳು,
ಅದಕ್ಕೇ ಅವನು
ಮೂರನೇದು ಮುಚ್ಚಿಟ್ಟಿರೋದು.

ಸೆರಗಿನ ತುದಿ ಎಡಗಣ್ಣಿಗೆ ಒತ್ತಿಕೊಂಡು
ಮಗನ ತೋಳು ಹಿಡಿದು ಹೋದಳು.
ನಾನು ಕೈ ತೊಳೆದೆ, ಮತ್ತೆ ತೊಳೆದೆ.
ಬೆಂಚಿನ ಮೇಲೆ ಹನ್ನೊಂದು ಜನ.
ಬುಟ್ಟಿಯ ಕಾಯಿ ಖರ್ಚಾಯಿತೋ ಇಲ್ಲವೋ
ಗೊತ್ತಾಗಲಿಲ್ಲ,
ಕೇಸಿನ ಕಾಗದದಲ್ಲಿ ಆ ಕಾಲಮ್ಮು ಇಲ್ಲ.